ನಡಿಗೆ ಪುಸ್ತಕಗಳು ನೋಡದ ನದಿ

ಇಂಗ್ಲೆಂಡಿನ ಯಾವ ಊರಿನ ಪುಸ್ತಕದಂಗಡಿಗೆ ಹೋದರೂ ಒಂದು ಕಪಾಟು ಖಾಯಂ. ಅದರ ತುಂಬ ಜೇಬಿಗೆ ಹಿಡಿಸುವ ಸಣ್ಣ ಪುಸ್ತಕಗಳು. ಈ ಜಿಲ್ಲೆಯ ಸುಲಭ ನಡಿಗೆಗಳು, ಆ ಕಣಿವೆಯ ಹೊಳೆದಂಡೆ ನಡಿಗೆಗಳು, ಟೀ ಅಂಗಡಿಯ ಬಾಗಿಲಲ್ಲಿ ಮುಗಿಯುವ ನಡಿಗೆಗಳು. ಬೆಟ್ಟ ಹತ್ತೋರಿಗೆ ಬರೆದದ್ದಲ್ಲ ಇವು. ಭಾನುವಾರ ತಡವಾಗಿ ಎದ್ದು, ತಿಂಡಿ ಮುಗಿಸಿ, ಮಗುವನ್ನೋ ನಾಯಿಯನ್ನೋ ಜೊತೆಗೆ ಕರಕೊಂಡು ನಾಲ್ಕೈದು ಕಿಲೋಮೀಟರ್ ಹಸಿರಿನ ನಡುವೆ ಓಡಾಡಿ ಬರೋಣ ಅನ್ನೋರಿಗೆ ಬರೆದದ್ದು. ಕಂಪನಿ ಕೆಲಸದ ಮೇಲೆ ಎರಡು ವರ್ಷ ಬ್ರಿಸ್ಟಲ್‌ನಲ್ಲಿದ್ದಾಗ ಇಂಥವನ್ನ ಒಂದು ಚೀಲದಷ್ಟು ಓದಿದ್ದೇನೆ, ಅದರಲ್ಲಿ ಹೇಳಿದ ದಾರಿಗಳನ್ನ ನಡೆದೂ ಇದ್ದೇನೆ. ಕವಿತೆ, ಕಾದಂಬರಿಗಳ ಬಗ್ಗೆ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಜನ ನಿಜವಾಗಿ ಕೈಯಲ್ಲಿ ಹಿಡಿದು, ಮಳೆಯಲ್ಲಿ ನೆನೆಸಿ, ಮಡಚಿ ಹರಿಯೋವರೆಗೂ ಬಳಸೋ ಈ ಪುಸ್ತಕಗಳಿಗೂ ಒಂದು ವಿಮರ್ಶೆ ಸಲ್ಲಬೇಕು ಅನ್ನೋದು ನನ್ನ ಅನಿಸಿಕೆ.

ಮೊದಲು ಹೊಗಳಿಕೆ. ಈ ಪುಸ್ತಕಗಳು ತಮ್ಮ ಕೆಲಸವನ್ನ ಎಷ್ಟು ಅಚ್ಚುಕಟ್ಟಾಗಿ ಮಾಡ್ತವೆ ಅಂದ್ರೆ, ನಮ್ಮ ಪ್ರಾಜೆಕ್ಟುಗಳ ಡಾಕ್ಯುಮೆಂಟೇಶನ್ ಬರೆಯೋರಿಗೆಲ್ಲ ಒಂದೊಂದು ಪ್ರತಿ ಹಂಚಬೇಕು. ಪ್ರತಿ ನಡಿಗೆಯ ತಲೆಯ ಮೇಲೆ ಒಂದು ಚೌಕ. ದೂರ ಎಷ್ಟು, ಹೊತ್ತು ಎಷ್ಟು, ಏರು ಎಷ್ಟು, ಕಾರು ಎಲ್ಲಿ ನಿಲ್ಲಿಸೋದು, ಬಸ್ಸು ಇದೆಯಾ, ಮಳೆ ಬಂದರೆ ಕೆಸರಾಗುತ್ತಾ, ಮಗುವಿನ ತಳ್ಳುಗಾಡಿ ಹೋಗುತ್ತಾ, ಬೇಲಿ ದಾಟೋ ಮೆಟ್ಟಿಲು ಎಷ್ಟು. ಈ ಮೆಟ್ಟಿಲಿಗೆ ನಮ್ಮ ಮಲೆನಾಡಿನಲ್ಲಿ ಒಳ್ಳೇ ಶಬ್ದವೇ ಇದೆ: ತಡಬೆ. ದನ ದಾಟಬಾರದು, ಮನುಷ್ಯ ದಾಟಬೇಕು, ಅಂಥ ಏರ್ಪಾಡು. ತಡಬೆಗಳನ್ನ ಎಣಿಸಿ ಬರೆಯೋದು ಅಂದ್ರೆ ಮಂಡಿನೋವಿನ ಅಜ್ಜಿಯೂ ಈ ಪುಸ್ತಕ ಓದುತ್ತಾಳೆ ಅಂತ ಬರೆಯುವವನಿಗೆ ಗೊತ್ತಿದೆ ಅಂತ ಅರ್ಥ. ಓದುಗನ ಕಾಲಿನ ಬಗ್ಗೆ ಇಷ್ಟು ಕಾಳಜಿ ಇರೋ ಬರವಣಿಗೆ ಬೇರೆ ಯಾವುದಿದೆ?

ನನ್ನ ತಕರಾರು ಇರೋದು ಚೌಕದ ಕೆಳಗೆ. ಅಲ್ಲಿ ದಾರಿಯ ವರ್ಣನೆ ಶುರುವಾಗುತ್ತೆ. ನೂರು ನಡಿಗೆ ಓದಿ, ನದಿಗೆ ಸಿಗೋ ವಿಶೇಷಣಗಳು ಏಳೆಂಟೇ. ಸೌಮ್ಯ, ಪ್ರಶಾಂತ, ಬಳುಕುವ, ಹೊಳೆಯುವ, ಮಂದಗಮನದ. ಕಣಿವೆ ಯಾವಾಗಲೂ ಹಸಿರು. ಹುಲ್ಲುಗಾವಲು ಸದಾ ಸೊಂಪು. ತಡಬೆ ಎಷ್ಟು ಅಂತ ಕರಾರುವಾಕ್ಕಾಗಿ ಎಣಿಸಿದ ಅದೇ ಮನುಷ್ಯ, ನದಿಯ ಹತ್ತಿರ ಬಂದಕೂಡಲೇ ಲಗ್ನಪತ್ರಿಕೆಯ ಭಾಷೆಗೆ ಇಳಿದುಬಿಡ್ತಾನೆ. ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕಬೇಕಾದರೆ ಒಂದೇ ನದಿ ಸಾಕು, ವೈ ನದಿ. ಈ ಥರದ ಪುಸ್ತಕಗಳು ದೊಡ್ಡದಾಗಿ ಬೇರು ಬಿಟ್ಟದ್ದೇ ಅದರ ದಂಡೆಯಲ್ಲಿ.

ವೈ ನದಿ ವೇಲ್ಸಿನ ಪ್ಲಿನ್‌ಲಿಮನ್ ಬೆಟ್ಟದಲ್ಲಿ ಹುಟ್ಟಿ, ಹೆರಿಫರ್ಡ್, ರಾಸ್, ಮನ್ಮತ್ ಊರುಗಳನ್ನ ಹಾದು, ಸುಮಾರು 250 ಕಿ.ಮೀ. ಹರಿದು, ಚೆಪ್‌ಸ್ಟೋ ಹತ್ತಿರ ಸೆವೆರ್ನ್ ಸೇರುತ್ತೆ. ಕೆಳಭಾಗದಲ್ಲಿ ಕೆಲವು ಕಡೆ ಒಂದು ದಂಡೆ ಇಂಗ್ಲೆಂಡು, ಇನ್ನೊಂದು ದಂಡೆ ವೇಲ್ಸು. 1770ರ ಬೇಸಿಗೆಯಲ್ಲಿ ವಿಲಿಯಂ ಗಿಲ್ಪಿನ್ ಅನ್ನೋ ಪಾದ್ರಿ, ಮೇಷ್ಟ್ರೂ ಹೌದು, ರಾಸ್‌ನಿಂದ ದೋಣಿಯಲ್ಲಿ ಕೆಳಗೆ ಹೊರಟ. ಆ ಪ್ರಯಾಣದ ಟಿಪ್ಪಣಿಗಳು 1782ರಲ್ಲಿ ಪುಸ್ತಕವಾದವು. ನಿಸರ್ಗವನ್ನ ಚಿತ್ರದ ಹಾಗೆ ನೋಡೋದು ಹೇಗೆ ಅಂತ ಜನಸಾಮಾನ್ಯರಿಗೆ ಪಾಠ ಹೇಳಿದ ಪುಸ್ತಕ ಅದು. ಅದನ್ನ ಕೈಯಲ್ಲಿ ಹಿಡಿದು ದೋಣಿ ಹತ್ತಿದವರು ಎಷ್ಟೋ ಜನ. ವೈ ಪ್ರವಾಸ ಅನ್ನೋದು ಆ ಕಾಲದ ಫ್ಯಾಶನ್ ಆಯಿತು.

ಗಿಲ್ಪಿನ್ ನದಿಯನ್ನ ರಂಗಭೂಮಿಯ ಲೆಕ್ಕದಲ್ಲಿ ನೋಡ್ತಾನೆ. ಎರಡು ದಂಡೆಗಳು ಅಕ್ಕಪಕ್ಕದ ಪರದೆಗಳು, ನದಿ ತಿರುಗೋ ಜಾಗದಲ್ಲಿ ಎದುರು ಕಾಣೋ ಗುಡ್ಡ ಮುಂದಿನ ಪರದೆ. ನಮ್ಮ ಕಂಪನಿ ನಾಟಕದ ಪರದೆ ನೆನಪಿಸಿಕೊಳ್ಳಿ. ಕಾಡಿನ ಸೀನಿಗೆ ಒಂದು, ಅರಮನೆಗೆ ಒಂದು, ಹಗ್ಗ ಎಳೆದರೆ ಇಳಿಯುತ್ತೆ. ಗಿಲ್ಪಿನ್‌ಗೆ ದೋಣಿ ಮುಂದೆ ಹೋದ ಹಾಗೆಲ್ಲ ಪರದೆ ಬದಲಾಗ್ತಾ ಹೋಯಿತು. ಪರದೆ ಸರಿಯಿಲ್ಲ ಅನ್ನಿಸಿದರೆ ಬೈಯೋಕೂ ಹಿಂಜರೀಲಿಲ್ಲ. ಟಿಂಟರ್ನ್ ಊರಿನ ಪಾಳುಬಿದ್ದ ಮಠದ ಗೋಡೆಗಳ ತುದಿ ತೀರಾ ನೆಟ್ಟಗೆ, ಕ್ರಮಬದ್ಧವಾಗಿ ಕಂಡವು. ಸುತ್ತಿಗೆ ತಗೊಂಡು ಹುಷಾರಾಗಿ ಒಂದೆರಡು ಕಡೆ ಒಡೆದರೆ ಚೆನ್ನಾಗಿ ಕಾಣುತ್ತೆ ಅಂತ ಸಲಹೆ ಕೊಟ್ಟ ಮಹಾನುಭಾವ ಇವನು. ಫೋಟೋಗೆ ಅಡ್ಡ ಬಂತು ಅಂತ ಕೊಂಬೆ ಮುರಿಯೋರಿಗೆಲ್ಲ ಮೂಲಪುರುಷ.

ಇಷ್ಟಕ್ಕೇ ಗಿಲ್ಪಿನ್‌ನನ್ನ ತಮಾಷೆ ಮಾಡಿ ಬಿಟ್ಟರೆ ಅನ್ಯಾಯ ಆಗುತ್ತೆ. ಅವನು ಕಣ್ಣು ಮುಚ್ಚಿಕೊಂಡಿರಲಿಲ್ಲ. ಆಗ ವೈ ಕಣಿವೆ ಕೈಗಾರಿಕೆಯ ಜಾಗ. ಟಿಂಟರ್ನ್‌ನಲ್ಲಿ 1566ರಿಂದಲೇ ತಂತಿ ಎಳೆಯೋ ಕಾರ್ಖಾನೆ. ಗುಡ್ಡದ ಮೇಲೆ ಇದ್ದಿಲು ಸುಡೋರು, ತೊರೆಯ ಪಕ್ಕ ಕಬ್ಬಿಣ ಕರಗಿಸೋ ಕುಲುಮೆಗಳು. ಗುಡ್ಡದ ಇಳಿಜಾರಿನಿಂದ ಏಳೋ ಹೊಗೆ ತೆಳು ಮುಸುಕಿನ ಹಾಗೆ ಹರಡಿ ಆಕಾಶವನ್ನೂ ಬೆಟ್ಟವನ್ನೂ ಬೆಸೆಯುತ್ತೆ ಅಂತ ಅವನು ಮೆಚ್ಚಿ ಬರೀತಾನೆ. ಮಾಲಿನ್ಯವನ್ನೂ ಪರದೆಯ ಬಣ್ಣ ಮಾಡಿಕೊಂಡ. ಆದರೆ ಅದೇ ಪುಸ್ತಕದಲ್ಲಿ ಮಠದ ಪಾಳು ಗೋಡೆಗಳ ನಡುವೆ ಬದುಕ್ತಿದ್ದ ಕಡುಬಡವರೂ ಬರ್ತಾರೆ. ನಡೆಯೋಕೇ ಆಗದ ಒಬ್ಬ ಹೆಂಗಸು ಸನ್ಯಾಸಿಗಳ ಪುಸ್ತಕಶಾಲೆ ತೋರಿಸ್ತೀನಿ ಅಂತ ಕರ್ಕೊಂಡು ಹೋಗ್ತಾಳೆ. ಅಲ್ಲಿ ಅವಳಿಗೆ ತೋರಿಸೋಕೆ ಇದ್ದದ್ದು ತಾನು ವಾಸ ಮಾಡೋ ಒದ್ದೆ ಗೂಡು ಮಾತ್ರ. ಮುಂದೆ ನದಿಯ ನೀರಿನ ಬಗ್ಗೆಯೂ ಹೇಳ್ತಾನೆ. ಅಲ್ಲೀವರೆಗೆ ತಿಳಿಯಾಗಿ ಹೊಳೀತಿದ್ದ ನೀರು ಟಿಂಟರ್ನ್ ದಾಟಿದ ಮೇಲೆ ಕೆಸರಾಗಿ ಬಣ್ಣಗೆಟ್ಟಿತು, ಸಮುದ್ರದ ಉಬ್ಬರ ಅಲ್ಲಿಗೆ ಮುಟ್ಟುತ್ತೆ ಅಂತ ಕಾರಣವನ್ನೂ ಕೊಡ್ತಾನೆ.

ಗಮನಿಸಿ. ಚಂದ ಮಾತ್ರ ನೋಡೋಕೆ ಹೊರಟ ಮನುಷ್ಯ, ನೀರಿನ ಬಣ್ಣ ಬದಲಾದ ಜಾಗವನ್ನ ಗುರುತು ಹಾಕಿಕೊಂಡ. ಅವನ ಸೂತ್ರ ಏನೇ ಇರಲಿ, ಕಣ್ಣು ಪ್ರಾಮಾಣಿಕ.

ಗಿಲ್ಪಿನ್ ಪುಸ್ತಕ ಬಂದು ಹದಿನಾರು ವರ್ಷಕ್ಕೆ, 1798ರ ಜುಲೈನಲ್ಲಿ, ವರ್ಡ್ಸ್‌ವರ್ತ್ ತಂಗಿ ಡೊರೊತಿ ಜೊತೆ ಇದೇ ಕಣಿವೆಯಲ್ಲಿ ಕಾಲ್ನಡಿಗೆಯಲ್ಲಿ ಓಡಾಡಿದ. ಟಿಂಟರ್ನ್ ಹೆಸರಿನ ಆ ಪದ್ಯ ಹುಟ್ಟಿದ್ದು ಆಗ. ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಗೆಳೆಯರಿಗೆಲ್ಲ ಅದು ಪಾಠ. ಅದರಲ್ಲಿ ಕುಲುಮೆ ಇಲ್ಲ, ಕಾರ್ಖಾನೆಯ ಗದ್ದಲ ಇಲ್ಲ, ಮಠದ ಬಡವರು ಇಲ್ಲ. 1986ರಲ್ಲಿ ಮಾರ್ಜರಿ ಲೆವಿನ್ಸನ್ ಅನ್ನೋ ಅಮೆರಿಕದ ವಿಮರ್ಶಕಿ ಇದೇ ಮಾತನ್ನ ಎತ್ತಿ, ಕವಿ ಬೇಕಾದ್ದನ್ನ ಮಾತ್ರ ಕಂಡ ಅಂತ ವಾದಿಸಿದರು. ದೊಡ್ಡ ಜಗಳವೇ ಆಯಿತು. ನನಗೆ ಲೆವಿನ್ಸನ್ ಎತ್ತಿದ ಪ್ರಶ್ನೆ ಸರಿ ಅನಿಸುತ್ತೆ, ಆದರೆ ಕವಿಯ ಮೇಲಿನ ಸಿಟ್ಟು ಅಷ್ಟಾಗಿ ಮುಟ್ಟಲ್ಲ. ಆ ಪದ್ಯ ನದಿಯ ವರದಿ ಕೊಡ್ತೀನಿ ಅಂತ ಮಾತು ಕೊಟ್ಟಿಲ್ಲ. ಐದು ವರ್ಷದ ಮೇಲೆ ಅದೇ ಜಾಗಕ್ಕೆ ಬಂದ ಮನಸ್ಸಿನ ವರದಿ ಅದು. ತಪ್ಪಾಗಿದ್ದು ಆಮೇಲೆ. ಕವಿತೆಗೆ ಇರಬಹುದಾದ ರಿಯಾಯಿತಿಯನ್ನ ಗೈಡ್ ಪುಸ್ತಕಗಳೂ ಸದ್ದಿಲ್ಲದೆ ತಮಗೆ ಬರೆದುಕೊಂಡವು. ಗಿಲ್ಪಿನ್‌ನಿಂದ ಪರದೆಯನ್ನ ತಗೊಂಡವು, ವರ್ಡ್ಸ್‌ವರ್ತ್‌ನಿಂದ ನೆಮ್ಮದಿಯನ್ನ ತಗೊಂಡವು. ನೀರಿನ ಬಣ್ಣ ನೋಡೋ ಕಣ್ಣನ್ನ ಮಾತ್ರ ಇಬ್ಬರ ಕೈಯಿಂದಲೂ ತಗೊಳ್ಳಲಿಲ್ಲ.

ಇದರಿಂದ ಇವತ್ತು ಏನು ನಷ್ಟ ಅಂತ ನೋಡೋಕೆ ಒಂದು ನಡಿಗೆಗೆ ಹೋಗೋಣ. ಸೈಮಂಡ್ಸ್ ಯಾಟ್ ಅನ್ನೋ ಜಾಗ. ಸುಲಭ ನಡಿಗೆ ಅಂದ್ರೆ ಹೀಗಿರಬೇಕು ಅನ್ನೋ ಹಾಗಿದೆ. ಪೂರ್ವದ ದಂಡೆಯಲ್ಲಿ ಹಳೇ ರೈಲುದಾರಿ. 1959ರಲ್ಲಿ ಪ್ಯಾಸೆಂಜರ್ ರೈಲು ನಿಂತ ಮೇಲೆ ಕಂಬಿ ಹೋಗಿ ದಾರಿ ಉಳಿಯಿತು. ರೈಲಿಗೆ ಮಾಡಿದ ಮಟ್ಟ ಆದ್ದರಿಂದ ಏರೂ ಇಲ್ಲ, ಇಳಿಯೂ ಇಲ್ಲ. ಎಡಕ್ಕೆ ಕಾಡು, ಬಲಕ್ಕೆ ನದಿ. ಎರಡೂವರೆ ಕಿಲೋಮೀಟರ್ ಕೆಳಗೆ ನಡೆದರೆ ಬಿಬ್ಲಿನ್ಸ್ ತೂಗುಸೇತುವೆ. ಅದನ್ನ ದಾಟಿ ಇನ್ನೊಂದು ದಂಡೆಯಲ್ಲಿ ವಾಪಸು ಬಂದರೆ ಕೊನೆಗೆ ಒಂದು ದೋಣಿ. ಮೋಟಾರಿಲ್ಲ, ಹುಟ್ಟಿಲ್ಲ. ನದಿಗೆ ಅಡ್ಡ ಕಟ್ಟಿದ ಹಗ್ಗವನ್ನ ದೋಣಿಯವನು ಕೈಯಲ್ಲಿ ಎಳೆದೆಳೆದು ನಮ್ಮನ್ನ ದಾಟಿಸ್ತಾನೆ. ತುಂಗೆಯ ಕಡವಿನಲ್ಲಿ ದೋಣಿಗೆ ಕಾಯ್ತಾ ಬೆಳೆದ ನನಗೆ ಆ ಹಗ್ಗದ ದೋಣಿ ಕಂಡರೆ ಹೃದಯ ಕರಗಿಹೋಗುತ್ತೆ. ತಲೆಯ ಮೇಲೆ ಯಾಟ್ ಬಂಡೆ. 1982ರಿಂದ ಅಲ್ಲಿ ಪೆರಿಗ್ರಿನ್ ಡೇಗೆಗಳು ಗೂಡು ಕಟ್ತಿವೆ. ಪುಸ್ತಕ ಹೇಳಿದ್ದೆಲ್ಲ ಅಲ್ಲಿ ಇದೆ. ಒಂದೂ ಸುಳ್ಳಲ್ಲ.

ನಾನು ಹೋದದ್ದು ಒಂದು ಜೂನ್‌ನಲ್ಲಿ. ನೀರಿಗೆ ಇಳಿಯೋ ಕಡೆ ಕಲ್ಲಿನ ಮೇಲೆ ಕೈ ಇಟ್ಟರೆ ಕಂದು ಹಸಿರು ಲೋಳೆ. ನೀರು ನಮ್ಮ ಕಡೆ ದನದ ಕೊಟ್ಟಿಗೆ ಪಕ್ಕದ ಹೊಂಡಕ್ಕೆ ಬರೋ ಬಣ್ಣದಲ್ಲಿತ್ತು. ದಂಡೆಯಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬ ಅಜ್ಜ, ನಾನು ಕೇಳದೇ ಇದ್ದರೂ, ಕೈ ತೋರಿಸಿ ಹೇಳಿದ: ಜೂನ್ ಬಂತು ಅಂದ್ರೆ ಅಲ್ಲಿಂದ ಇಲ್ಲೀವರೆಗೆ ಬಿಳೀ ಹೂವು ನೀರಿನ ಮೇಲೆ ಹಾಸಿಕೊಂಡಿರ್ತಿತ್ತು, ಈಗ ನೋಡು. ಅವನು ಹೇಳಿದ್ದು ವಾಟರ್ ಕ್ರೋಫುಟ್ ಅನ್ನೋ ನೀರುಗಿಡದ ಬಗ್ಗೆ. ಹರಿಯೋ ನೀರಲ್ಲಿ ಬೇರೂರಿ, ಉದ್ದ ಜಡೆ ಬಿಟ್ಟುಕೊಂಡು ಬೆಳೆಯುತ್ತೆ. ಅದರ ಜಡೆಯೊಳಗೆ ಹುಳ, ಆ ಹುಳಕ್ಕೆ ಮೀನು, ಮೀನಿಗೆ ಹಕ್ಕಿ. ವೈ ನದಿಯ ಇಡೀ ಸಂಸಾರ ನಿಂತಿರೋದು ಆ ಗಿಡದ ಮೇಲೆ. ನೀರಿನಲ್ಲಿ ಪಾಚಿ ತೇಲಿ ಮೇಲೆ ದಪ್ಪಗಾದರೆ ಬಿಸಿಲು ತಳಕ್ಕೆ ಮುಟ್ಟಲ್ಲ, ಗಿಡದ ಎಲೆಗೂ ಲೋಳೆ ಹತ್ತಿಕೊಳ್ಳುತ್ತೆ, ಗಿಡ ಸಾಯುತ್ತೆ.

ಪಾಚಿ ಯಾಕೆ ಬಂತು? ಇದಕ್ಕೆ ಉತ್ತರ ಹಳ್ಳಿಯಲ್ಲಿ ಬೆಳೆದವರಿಗೆ ಒಂದೇ ಶಬ್ದದಲ್ಲಿ ಹೇಳಬಹುದು: ಕೋಳಿಗೊಬ್ಬರ. ವೈ ಜಲಾನಯನದಲ್ಲಿ ಈಗ ಎರಡು ಕೋಟಿಗೂ ಹೆಚ್ಚು ಕೋಳಿಗಳಿವೆ ಅನ್ನೋದು ಸಾಮಾನ್ಯವಾಗಿ ಕೊಡೋ ಲೆಕ್ಕ. ಕಣಿವೆಯ ಮೇಲಿನ ಬಯಲಿನಲ್ಲಿ ಉದ್ದುದ್ದ ಶೆಡ್ಡುಗಳು. ಅವುಗಳ ಗೊಬ್ಬರ ಸುತ್ತಲಿನ ಹೊಲಗಳಿಗೆ ಬೀಳುತ್ತೆ. ನಮ್ಮ ಅಡಿಕೆ ತೋಟಗಳಿಗೆ ಬಯಲುಸೀಮೆಯಿಂದ ಲಾರಿಯಲ್ಲಿ ಕೋಳಿಗೊಬ್ಬರ ಬರೋದನ್ನ ನೋಡಿದವರಿಗೆ ಗೊತ್ತು. ಬಹಳ ಸಾರದ ಗೊಬ್ಬರ, ಬಹಳ ಉಷ್ಣ. ಕೊಳೆಸದೆ ಹಾಕಿದರೆ ಬೇರು ಸುಡುತ್ತೆ, ಜಾಸ್ತಿ ಹಾಕಿ ಮಳೆ ಬಂದರೆ ಅರ್ಧ ಹಳ್ಳಕ್ಕೆ ಹೋಗುತ್ತೆ. ಸಾರಜನಕ, ರಂಜಕ, ಪೊಟ್ಯಾಷು ಅಂತ ಗೊಬ್ಬರದ ಚೀಲದ ಮೇಲೆ ಬರೆದಿರ್ತಾರಲ್ಲ, ಅದರಲ್ಲಿ ರಂಜಕದ ಗುಣ ಏನಂದ್ರೆ ಅದು ಮಣ್ಣಿನಲ್ಲೇ ಅಂಟಿಕೊಂಡು ಕೂರುತ್ತೆ. ಬೆಳೆಗೆ ಬೇಕಾದ್ದಕ್ಕಿಂತ ಹೆಚ್ಚಾದದ್ದು ವರ್ಷ ವರ್ಷ ಸೇರ್ತಾ ಹೋಗಿ, ಮಳೆಗೆ ಮಣ್ಣು ಕೊಚ್ಚಿ ಹೋದಾಗ ನದಿಗೆ ಇಳಿಯುತ್ತೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದು 2022ರಲ್ಲಿ ಬಂದ ಅಧ್ಯಯನದ ಪ್ರಕಾರ ವೈ ಜಲಾನಯನದಲ್ಲಿ ವರ್ಷಕ್ಕೆ ಸುಮಾರು 3,000 ಟನ್ ರಂಜಕ ಹೀಗೆ ಹೆಚ್ಚುವರಿಯಾಗಿ ಉಳೀತಿದೆ. ಊರುಗಳ ಚರಂಡಿ ನೀರಿನ ಪಾಲೂ ಇದೆ, ಬಿಸಿಯಾಗ್ತಿರೋ ಬೇಸಿಗೆಯ ಪಾಲೂ ಇದೆ. 2023ರ ಮೇ ತಿಂಗಳಲ್ಲಿ ನ್ಯಾಚುರಲ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಸಂಸ್ಥೆ ವೈ ನದಿಯ ಸ್ಥಿತಿಯನ್ನ ಒಂದು ಮೆಟ್ಟಿಲು ಕೆಳಗಿಳಿಸಿ, ಕೆಟ್ಟಿದೆ, ಇನ್ನೂ ಕೆಡ್ತಿದೆ ಅನ್ನೋ ದರ್ಜೆಗೆ ಹಾಕಿತು.

ಹಾಗಾದರೆ ಹಸಿರು ಕಣಿವೆ ಅನ್ನೋ ವರ್ಣನೆ ಸರಿಯೇ. ಹೊಲ ಹಸಿರು, ಗುಡ್ಡ ಹಸಿರು, ಕೊನೆಗೆ ನದಿಯೂ ಹಸಿರು. ಈ ಹಸಿರುಗಳ ನಡುವೆ ವ್ಯತ್ಯಾಸ ಮಾಡೋ ಶಬ್ದಗಳು ಈ ಪುಸ್ತಕಗಳ ಹತ್ತಿರ ಇಲ್ಲ ಅನ್ನೋದೇ ನನ್ನ ದೂರು. ಗಿಡದ ಹಸಿರು ಬೇರೆ, ಪಾಚಿಯ ಹಸಿರು ಬೇರೆ. ಯೂರಿಯಾ ತಿಂದು ಕಪ್ಪಾಗುವಷ್ಟು ಹಸಿರಾದ ಹುಲ್ಲು ಮತ್ತೂ ಬೇರೆ. ಬೆಂಗಳೂರಿನಲ್ಲಿರೋ ನಮಗೆ ಇದು ಗೊತ್ತಿರಬೇಕು. ಬೆಳ್ಳಂದೂರು ಕೆರೆ ನೊರೆ ಉಕ್ಕಿಸದ ದಿನ ಕಳೆಗಿಡದ ಹೊದಿಕೆ ಹೊದ್ದು ಹುಲ್ಲುಗಾವಲಿನ ಹಾಗೆ ಮಲಗಿರ್ತಿತ್ತು. ದೂರದ ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಯಿಂದ ನೋಡಿದವರಿಗೆ ಅದೂ ಲೇಕ್ ವ್ಯೂ.

ಒಂದು ಆಕ್ಷೇಪ ಬರುತ್ತೆ. ನಡಿಗೆ ಪುಸ್ತಕದ ಕೆಲಸ ದಾರಿ ತೋರಿಸೋದು, ನದಿಯ ರಕ್ತಪರೀಕ್ಷೆ ಮಾಡೋದಲ್ಲ. ಭಾನುವಾರ ನೆಮ್ಮದಿಗೆ ಹೋದವನ ಕೈಗೆ ಯಾಕೆ ರಂಜಕದ ಲೆಕ್ಕ ಕೊಡ್ತೀರಿ? ಈ ಆಕ್ಷೇಪವನ್ನ ನಾನು ಹಗುರವಾಗಿ ತಗೊಳ್ಳಲ್ಲ. ವಾರ ಪೂರ್ತಿ ಸ್ಕ್ರೀನ್ ನೋಡಿದ ಕಣ್ಣಿಗೆ ಹಸಿರು ಬೇಕು, ನನಗೂ ಬೇಕು. ಆದರೆ ಇವೇ ಪುಸ್ತಕಗಳು ಬೇರೆ ಎಷ್ಟೋ ಅಪ್ರಿಯ ಸತ್ಯಗಳನ್ನ ಹೇಳ್ತವೆ. ಈ ಹೊಲದಲ್ಲಿ ಕರು ಹಾಕಿದ ಹಸುಗಳಿರಬಹುದು, ನಾಯಿ ಜೊತೆ ಇದ್ದರೆ ದೂರ ನಡೀರಿ. ಈ ದಂಡೆ ಮಳೆಗಾಲದಲ್ಲಿ ಮುಳುಗುತ್ತೆ. ಈ ಪೊದೆಯಲ್ಲಿ ಉಣ್ಣೆ ಹತ್ತುತ್ತೆ. ನಡೆಯುವವನಿಗೆ ನದಿಯಿಂದ ಆಗೋ ತೊಂದರೆ ಎಲ್ಲಾ ಬರೀತಾರೆ. ನದಿಗೆ ಆಗ್ತಿರೋ ತೊಂದರೆ ಒಂದು ಸಾಲೂ ಇಲ್ಲ. ಜಾಗ ಇಲ್ಲದ್ದರಿಂದ ಬಿಟ್ಟದ್ದು ಅಂತ ನಂಬೋಕೆ ಆಗಲ್ಲ. ಟೀ ಅಂಗಡಿಯ ಕೇಕಿನ ಬಗ್ಗೆ ಎರಡು ಸಾಲು ಇದೆ.

ಇನ್ನೂ ಒಂದು ವಿಷಯವನ್ನ ಈ ಪುಸ್ತಕಗಳು ಮರೆಸ್ತವೆ, ಮತ್ತೆ ಅದು ಅವುಗಳಿಗೆ ಹೆಮ್ಮೆಯ ವಿಷಯ ಆಗಬೇಕಿತ್ತು. ಸುಲಭ ನಡಿಗೆ ಅನ್ನೋದರಲ್ಲಿ ಸುಲಭ ಎಲ್ಲಿಂದ ಬಂತು? ಸೌಮ್ಯ ಕಣಿವೆಯಿಂದ, ಮಂದಗಮನದ ನದಿಯಿಂದ ಬಂತು ಅನ್ನೋ ಹಾಗೆ ಬರೀತಾರೆ. ಸೌಮ್ಯ ಕಣಿವೆಗಳು ನಮ್ಮಲ್ಲೂ ಬೇಕಾದಷ್ಟಿವೆ. ವ್ಯತ್ಯಾಸ ಇರೋದು ನಕ್ಷೆಯಲ್ಲಿ. ಅಲ್ಲಿನ ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆ ಬಿಚ್ಚಿ. ವೈ ಕಣಿವೆಯದ್ದು ಓಎಲ್ 14. ಹೊಲ, ತೋಟ, ಖಾಸಗಿ ಎಸ್ಟೇಟು ಯಾವುದನ್ನೂ ಲೆಕ್ಕಿಸದೆ ಸಣ್ಣ ಹಸಿರು ತುಂಡುಗೆರೆಗಳು ಓಡ್ತಿರ್ತವೆ. ಆ ಒಂದೊಂದು ಗೆರೆಯೂ ಒಂದು ಹಕ್ಕು. ಜಮೀನು ಯಾರದ್ದೇ ಇರಲಿ, ಆ ಗೆರೆಯ ಮೇಲೆ ಯಾರು ಬೇಕಾದರೂ ನಡೀಬಹುದು. ಬ್ರಿಸ್ಟಲ್‌ಗೆ ಕೆಲಸಕ್ಕೆ ಬಂದ ತೀರ್ಥಹಳ್ಳಿ ಕಡೆಯವನೂ ನಡೀಬಹುದು.

ಅದು ಆಕಾಶದಿಂದ ಬೀಳಲಿಲ್ಲ. 1932ರ ಏಪ್ರಿಲ್ 24ರಂದು ಪೀಕ್ ಡಿಸ್ಟ್ರಿಕ್ಟಿನ ಕಿಂಡರ್ ಸ್ಕೌಟ್ ಗುಡ್ಡಕ್ಕೆ, ಜಮೀನ್ದಾರರ ಕಾವಲುಗಾರರನ್ನ ಎದುರಿಸಿ, ಕಾರ್ಮಿಕ ಹುಡುಗರು ಗುಂಪಾಗಿ ನುಗ್ಗಿದರು. ಕೆಲವರು ಜೈಲಿಗೂ ಹೋದರು. ಆಮೇಲೆ 1949ರ ಕಾಯ್ದೆ ಬಂದು, ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಕಾಲುದಾರಿಗಳನ್ನೆಲ್ಲ ಅಧಿಕೃತ ನಕ್ಷೆಗೆ ಹಾಕಬೇಕು ಅಂತ ಆಯಿತು. 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಜನ 20 ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಅನ್ನೋ ಹಾಗೆ ನಡೆದ ದಾರಿ, ಮಾಲೀಕ ಬೇರೆ ಉದ್ದೇಶ ತೋರಿಸದೇ ಇದ್ದರೆ, ಸಾರ್ವಜನಿಕ ದಾರಿ. ಹೊಲದ ನಡುವಿನ ದಾರಿಯನ್ನ ಬಿತ್ತನೆಗೆ ಅಂತ ಉತ್ತರೆ, 14 ದಿನದೊಳಗೆ ರೈತ ಅದನ್ನ ಮತ್ತೆ ನಡೆಯೋ ಹಾಗೆ ಮಾಡಿಕೊಡಬೇಕು. ಹತ್ತು ತಿಂಗಳು ದಾಟಿದ ಹಾಲಿನ ತಳಿಯ ಹೋರಿಯನ್ನ ಕಾಲುದಾರಿ ಇರೋ ಹೊಲದಲ್ಲಿ ಬಿಡೋ ಹಾಗಿಲ್ಲ. ತಡಬೆಯನ್ನ ಗಟ್ಟಿಯಾಗಿಡೋ ಹೊಣೆ ಜಮೀನಿನ ಮಾಲೀಕನದು. ಇಷ್ಟೆಲ್ಲ ಜಗಳ, ಕಾಯ್ದೆ, ಖರ್ಚು ಸೇರಿ ಆ ಭಾನುವಾರದ ನಡಿಗೆ ಸುಲಭ ಆಗಿದೆ. ಪುಸ್ತಕದಲ್ಲಿ ಅದು ಎರಡು ತಡಬೆ ಅನ್ನೋ ಮಾತಲ್ಲಿ ಮುಗಿದುಹೋಗುತ್ತೆ.

ಈಗ ಎರಡು ತುದಿಗಳನ್ನ ಗಂಟು ಹಾಕ್ತೀನಿ. ವೈ ನದಿ ಕೆಡ್ತಿದೆ ಅಂತ ಊರೆಲ್ಲ ಗದ್ದಲ ಎಬ್ಬಿಸಿದವರಲ್ಲಿ ದಂಡೆಯ ಮೇಲೆ ದಿನಾ ಓಡಾಡೋ ಜನರ ಪಾಲು ದೊಡ್ಡದು. ಗಾಳ ಹಾಕೋರು, ಈಜೋರು, ದೋಣಿ ನಡೆಸೋರು, ನಾಯಿ ಅಡ್ಡಾಡಿಸೋರು. ಸ್ವಯಂಸೇವಕರು ಸಣ್ಣ ಪರೀಕ್ಷೆಯ ಕಿಟ್ ಹಿಡಕೊಂಡು ವಾರ ವಾರ ಅದೇ ಜಾಗಗಳಿಗೆ ಹೋಗಿ ರಂಜಕ, ನೈಟ್ರೇಟು, ನೀರಿನ ಬಿಸಿ ಅಳೆದು ಬರೆದಿಡ್ತಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ನದಿಗೆ ಮಾನಿಟರಿಂಗ್ ಹಾಕಿದ್ದಾರೆ, ಲಾಗ್ ಇಡ್ತಿದ್ದಾರೆ. ಇದು ಸಾಧ್ಯ ಆಗಿದ್ದು ದಂಡೆಗೆ ದಾರಿ ಇದ್ದದ್ದರಿಂದ. ಅಂದರೆ ಆ ಸುಲಭ ನಡಿಗೆಯ ದಾರಿಯಲ್ಲಿ ನದಿಗೆ ಒಬ್ಬ ಸಾಕ್ಷಿ ಸಿಗ್ತಾನೆ. ದಾರಿ ತೋರಿಸೋ ಪುಸ್ತಕ ಮಾತ್ರ ಆ ಸಾಕ್ಷಿಗೆ ಪರದೆ ನೋಡು ಅಂತ ಹೇಳ್ತಾ ಕೂತಿದೆ.

ನಮ್ಮ ಕಡೆ ಈ ಮಾತು ಯಾಕೆ ಬೇಕು? ನಮ್ಮಲ್ಲಿ ದಾರಿಯ ನೆನಪು ಇಲ್ಲ ಅಂತಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ನೋಡಿ, ಬಂಡಿದಾರಿಗೆ ಜೋಡಿ ತುಂಡುಗೆರೆ, ಕಾಲುದಾರಿಗೆ ಒಂಟಿ ತುಂಡುಗೆರೆ. ಹಳ್ಳಿಯ ಜಗಳಗಳಲ್ಲಿ ಇವತ್ತಿಗೂ 'ನಕಾಶೆ ಕಂಡ ದಾರಿ' ಅನ್ನೋ ಮಾತಿಗೆ ತೂಕ ಇದೆ. ಸರ್ವೆ ನಂಬರುಗಳನ್ನ ಫೋನಿನಲ್ಲೇ ತೋರಿಸೋ ದಿಶಾಂಕ್ ಆ್ಯಪ್ ಬಂದಿದೆ. ಆದರೆ ನಮ್ಮಲ್ಲಿ ದಾರಿಯ ಜಗಳ ಹೆಚ್ಚಾಗಿ ಈಸ್‌ಮೆಂಟ್ ಹಕ್ಕಿನ ಜಗಳ. 1882ರ ಕಾಯ್ದೆಯಲ್ಲೂ ಅದೇ 20 ವರ್ಷದ ಲೆಕ್ಕ ಇದೆ. ನನ್ನ ಜಮೀನಿಗೆ ಹೋಗೋಕೆ ನಿನ್ನ ಜಮೀನಿನಲ್ಲಿ ದಾರಿ ಬೇಕು ಅಂತ ಕೇಳೋ ಹಕ್ಕು ಅದು. ಜಮೀನು ಇದ್ದವನು ಕೇಳಬಹುದು. ಬರೀ ಕಾಲು ಇದ್ದವನು ಏನು ಕೇಳೋಕಾಗುತ್ತೆ? ಗದ್ದೆಯ ಬದುವಿನ ಮೇಲೆ, ಅಡಿಕೆ ಮರದ ಸಂಕದ ಮೇಲೆ, ಯಾರದ್ದೋ ತೋಟದ ತಡಬೆ ದಾಟಿ ಶಾಲೆಗೆ ಹೋದ ನಮ್ಮ ತಲೆಮಾರಿಗೆ ಆ ದಾರಿಗಳು ಹಕ್ಕಾಗಿ ಸಿಕ್ಕಿದ್ದಲ್ಲ. ಯಜಮಾನರ ದಾಕ್ಷಿಣ್ಯದಿಂದ ಸಿಕ್ಕಿದ್ದು. ಯಜಮಾನರು ಹೋಗಿ ಜಮೀನು ಕೈ ಬದಲಾದ ಕಡೆ ಸೋಲಾರ್ ಬೇಲಿ ಬಂದಿದೆ, ಗೇಟಿಗೆ ಬೀಗ ಬಿದ್ದಿದೆ. ಹೊಳೆ ಬೇಲಿಯ ಆಚೆ ಉಳಿಯಿತು.

ಹೊಳೆ ಆಚೆ ಉಳಿದರೆ ಏನಾಗುತ್ತೆ ಅಂದ್ರೆ, ಅದನ್ನ ನೋಡೋರು ಇಲ್ಲವಾಗ್ತಾರೆ. ನಮಗೆ ನದಿ ಸಿಗೋದು ಮೂರು ಜಾಗದಲ್ಲಿ ಮಾತ್ರ. ಸೇತುವೆಯ ಮೇಲೆ, ದೇವಸ್ಥಾನದ ಮೆಟ್ಟಿಲ ಮೇಲೆ, ರೆಸಾರ್ಟಿನ ಹಿಂದೆ. ಮೂರೂ ಕಡೆ ಐದು ನಿಮಿಷ. 2024ರ ನವೆಂಬರಿನಲ್ಲಿ ತುಂಗಭದ್ರೆಯ ನೀರಿನ ಬಗ್ಗೆ ಎಚ್ಚರ ಮೂಡಿಸೋಕೆ ಶೃಂಗೇರಿಯಿಂದ ಒಂದು ಪಾದಯಾತ್ರೆಯೇ ಹೊರಡಬೇಕಾಯಿತು. ಒಳ್ಳೆಯದೇ ಆಯಿತು. ಆದರೆ ನದಿಯ ಪಕ್ಕ ನಡೆಯೋದು ಯಾತ್ರೆ ಆಗಬೇಕಿಲ್ಲ, ಭಾನುವಾರದ ಅಭ್ಯಾಸ ಆಗಬೇಕು. ಯಾತ್ರೆ ಒಮ್ಮೆ ನೋಡಿ ಹೋಗುತ್ತೆ. ಹೋದ ಜೂನಿಗೂ ಈ ಜೂನಿಗೂ ಏನು ವ್ಯತ್ಯಾಸ ಅಂತ ಹೇಳೋಕೆ ಮತ್ತೆ ಮತ್ತೆ ಬರೋ ಕಾಲು ಬೇಕು, ಗಾಳ ಹಾಕಿ ಕೂತ ಆ ಅಜ್ಜನ ಥರ.

ಈಗ ಕನ್ನಡದಲ್ಲೂ ಇಂಥ ಬರವಣಿಗೆ ಶುರುವಾಗಿದೆ. ಬೆಂಗಳೂರಿನಿಂದ ಎರಡು ಗಂಟೆಯ ದೂರದಲ್ಲಿ ಸುಲಭ ನಡಿಗೆಗಳು, ವೀಕೆಂಡಿಗೆ ಹಸಿರು ಜಾಗಗಳು ಅಂತ ಪಟ್ಟಿಗಳು, ರೀಲುಗಳು. ನಮ್ಮ ವಯಸ್ಸಿನವರೇ ಬರೀತಿದ್ದೀವಿ, ನಾವೇ ಓದ್ತಿದ್ದೀವಿ. ಇಂಗ್ಲಿಷಿನ ಪುಸ್ತಕಗಳಿಂದ ನಕಲು ಮಾಡೋದೇ ಆದರೆ ಚೌಕವನ್ನ ನಕಲು ಮಾಡೋಣ, ವಿಶೇಷಣಗಳನ್ನ ಬೇಡ. ದೂರ, ಹೊತ್ತು, ಬಸ್ಸು, ತಡಬೆ ಎಲ್ಲ ಇರಲಿ. ಅದರ ಕೆಳಗೆ ಇನ್ನು ನಾಲ್ಕು ಸಾಲು ಸೇರಿಸೋಣ. ಈ ದಾರಿ ಯಾರದ್ದು, ನಕಾಶೆಯಲ್ಲಿ ಇದೆಯಾ, ಯಾರ ಒಪ್ಪಿಗೆಯ ಮೇಲೆ ನಡೀತಿದ್ದೀವಿ. ಈ ನೀರು ಎಲ್ಲಿಂದ ಬರುತ್ತೆ, ಮೇಲಿನ ಊರಿನಿಂದ ಏನು ಸೇರಿಸಿಕೊಂಡು ಬರುತ್ತೆ. ಈ ತಿಂಗಳಲ್ಲಿ ಇಲ್ಲಿ ಯಾವ ಹೂವು, ಯಾವ ಮೀನು, ಯಾವ ಹಕ್ಕಿ ಕಾಣಬೇಕು. ಕಾಣದೇ ಇದ್ದರೆ ಕೊನೆಯ ಬಾರಿ ಕಂಡದ್ದು ಯಾವಾಗ ಅಂತ ಆ ಊರಿನ ಯಾರನ್ನ ಕೇಳಬಹುದು.

ಇಷ್ಟು ಬರೆದರೆ ನಡಿಗೆ ಕಷ್ಟ ಆಗಲ್ಲ. ದೂರ ಅಷ್ಟೇ, ಹೊತ್ತು ಅಷ್ಟೇ. ಟೀ ಅಂಗಡಿಯೂ ಅಲ್ಲೇ ಇರುತ್ತೆ.